ಗಂಗಾಧರನನ್ನು ಕಂಡು ನಕ್ಕವರು ಯಾರು? ‘ಶಕ್ತಿಮಾನ್’ ಧಾರಾವಾಹಿಯ ಒಂದು ಗಡಿನಾಡ ಓದು

1997ರ ಸೆಪ್ಟೆಂಬರ್‌ನಿಂದ 2005ರ ಮಾರ್ಚ್‌ವರೆಗೆ ದೂರದರ್ಶನದ ರಾಷ್ಟ್ರೀಯ ವಾಹಿನಿಯಲ್ಲಿ ಪ್ರಸಾರವಾದ ‘ಶಕ್ತಿಮಾನ್’ ಹಿಂದಿ ಧಾರಾವಾಹಿಯ ಬಗ್ಗೆ ಈಗ ಕೇಳಿಬರುವ ಮಾತು ಬಹುಮಟ್ಟಿಗೆ ಎರಡು ಬಗೆಯದು. ಒಂದು, ಬಾಲ್ಯದ ಭಾನುವಾರದ ಮಧ್ಯಾಹ್ನಗಳನ್ನು ನೆನೆದು ಹಿಗ್ಗುವುದು. ಇನ್ನೊಂದು, ಅದರ ಬಡ ತಂತ್ರಗಾರಿಕೆಯನ್ನೂ ಉಪದೇಶದ ಧಾಟಿಯನ್ನೂ ಗೇಲಿ ಮಾಡುವುದು. ಇವೆರಡೂ ಧಾರಾವಾಹಿಯನ್ನು ಒಂದು ಕೃತಿಯೆಂದು ಎತ್ತಿಕೊಂಡು ಓದುವ ಗೋಜಿಗೆ ಹೋಗುವುದಿಲ್ಲ. ಕೋಟ್ಯಂತರ ಮಕ್ಕಳು ನೋಡಿದ, ಭಾರತೀಯ ಕಿರುತೆರೆಯ ಮೊದಮೊದಲ ಸೂಪರ್‌ಹೀರೋ ಕಥನವೊಂದಕ್ಕೆ ಇಷ್ಟು ಸಾಲದು. ಚಿತ್ರಕಥೆಗಳನ್ನು ಬಹುಕಾಲದಿಂದ ಓದುತ್ತ ಬಂದವನೊಬ್ಬ, ಅದರಲ್ಲೂ ರಾಯದುರ್ಗ–ಮಡಕಶಿರಾ ಸೀಮೆಯ ಕನ್ನಡ ಮನೆಯಲ್ಲಿ ಬೆಳೆದವನೊಬ್ಬ, ಈ ಧಾರಾವಾಹಿಯನ್ನು ಹೇಗೆ ಓದಬಹುದು ಎಂಬುದು ಇಲ್ಲಿಯ ಪ್ರಶ್ನೆ.

ಸೀಮೆಯ ಹೆಸರನ್ನು ಸುಮ್ಮನೆ ತಂದದ್ದಲ್ಲ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರುಗಳೊಡನೆ ಅದು ಆ ರಾಜ್ಯಕ್ಕೆ ಸೇರಿತು. ಮಡಕಶಿರಾ ಕರ್ನಾಟಕದೊಳಕ್ಕೆ ಚಾಚಿಕೊಂಡಿರುವ ನೆಲ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಅದರ ಮಗ್ಗುಲಲ್ಲೇ ಇದೆ. 2022ರ ಏಪ್ರಿಲ್‌ನ ಪುನರ್ವಿಂಗಡಣೆಯಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಈ ಎರಡೂ ಕಡೆ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಎಂಬುದು ಯಾರೂ ವಿವರಿಸಬೇಕಾಗಿಲ್ಲದ ಸ್ಥಿತಿ. ಒಬ್ಬನೇ ಮನುಷ್ಯ ಎರಡು ಹೆಸರುಗಳಲ್ಲಿ, ಎರಡು ನಡೆನುಡಿಗಳಲ್ಲಿ ಬದುಕುವುದೇ ಸೂಪರ್‌ಹೀರೋ ಕಥೆಯ ಜೀವಾಳ. ಆದ್ದರಿಂದ ಈ ಸೀಮೆಯ ನೋಡುಗನಿಗೆ ಆ ಕಥೆಯನ್ನು ಪರೀಕ್ಷಿಸುವ ಒಂದು ವಿಶೇಷ ಅರ್ಹತೆ ಇದೆ ಎಂದು ನನ್ನ ಭಾವನೆ.

ಪುಟದ ಮೇಲಿನ ವೀರರು

ಕನ್ನಡ ಓದುಗನಿಗೆ ಮುಖವಾಡದ ವೀರ ಮೊದಲು ಪರಿಚಯವಾದದ್ದು ಕಾಗದದ ಮೇಲೆ. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ‘ಸುಧಾ’ ವಾರಪತ್ರಿಕೆಯ ಪುಟಗಳಲ್ಲಿ ಕನ್ನಡ ಮಾತನಾಡಿದ. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿಯೂ ಬಂದು, ಅವನ ಜೊತೆಗೆ ಮ್ಯಾಂಡ್ರೇಕ್, ಬಹಾದೂರ್ ಮೊದಲಾದವರನ್ನೂ ತಂದಿತು. ಫ್ಯಾಂಟಮ್‌ನ ಕಥೆ ನಿರ್ದೋಷಿಯಲ್ಲ. ಬಿಳಿಯ ವಂಶವೊಂದು ಕಾಡಿನ ಜನರನ್ನು ತಲೆತಲಾಂತರದಿಂದ ಕಾಯುತ್ತ ಬಂದಿದೆ ಎಂಬ ಅದರ ಕಲ್ಪನೆಯಲ್ಲಿ ವಸಾಹತುಶಾಹಿಯ ಅಹಂಕಾರ ಬರಿಗಣ್ಣಿಗೇ ಕಾಣುತ್ತದೆ. ಇಂದ್ರಜಾಲದ ಸಂಪಾದಕರು ಮೂಲದ ‘ಬೆಂಗಾಲಿ’ ಎಂಬ ದೇಶದ ಹೆಸರನ್ನು ‘ಡೆಂಕಾಲಿ’ ಎಂದು ಬದಲಿಸಿದ್ದನ್ನು ನೋಡಿದರೆ, ಭಾರತೀಯ ಓದುಗನಿಗೆ ಎಲ್ಲಿ ಮುಜುಗರವಾದೀತೆಂಬ ಎಚ್ಚರ ಅವರಿಗೂ ಇತ್ತೆಂದು ತೋರುತ್ತದೆ. ಆದರೂ ಒಂದು ಮಾತನ್ನು ಅಲ್ಲಗಳೆಯಲಾಗದು: ಆ ವೀರ ಕನ್ನಡದಲ್ಲಿ ಮಾತನಾಡಿದ. ಓದುವ ಮಗುವಿಗೆ ಸಂತೋಷ ಸಿಕ್ಕಿದ್ದು ಪಾಠ ಕಲಿಯುವ ಭಾಷೆಯಲ್ಲಿಯೇ.

ತಮಿಳಿನಲ್ಲಿ ಈ ಕೆಲಸ ಇನ್ನೂ ಮುಂದೆ ಹೋಯಿತು. 1972ರಲ್ಲಿ ಶಿವಕಾಶಿಯಿಂದ ಹೊರಟ ಮುತ್ತು ಕಾಮಿಕ್ಸ್, ಬ್ರಿಟಿಷ್ ವಾರಪತ್ರಿಕೆಯ ‘ಸ್ಟೀಲ್ ಕ್ಲಾ’ ಎಂಬ ವೀರನನ್ನು ‘ಇರುಂಬುಕ್ಕೈ ಮಾಯಾವಿ’ ಎಂಬ ಹೆಸರಿನಲ್ಲಿ ತಮಿಳು ಮಕ್ಕಳ ಮನೆಯವನನ್ನಾಗಿ ಮಾಡಿತು. ಅದರ ಬೆನ್ನಿಗೆ ಬಂದ ಲಯನ್ ಕಾಮಿಕ್ಸ್‌ನ ಓದುಗಬಳಗ ಇಂದಿಗೂ ಇದೆ. ಕನ್ನಡದಲ್ಲಿ ಹೀಗೆ ಒಂದು ನಿರಂತರ ಪರಂಪರೆ ನಿಲ್ಲಲಿಲ್ಲ. 1990ರಲ್ಲಿ ಇಂದ್ರಜಾಲ ನಿಂತಿತು. ಅಲ್ಲಿಂದ ಏಳು ವರ್ಷಕ್ಕೆ ಕಿರುತೆರೆಯ ಮೇಲೆ ಶಕ್ತಿಮಾನ್ ಇಳಿದಾಗ, ಕನ್ನಡದ ಮಗುವಿನ ಕೈಯಲ್ಲಿ ಅವನ ಎದುರಿಗೆ ಹಿಡಿಯುವುದಕ್ಕೆ ಹೊಸದೇನೂ ಇರಲಿಲ್ಲ.

ಎರಡು ಹೆಸರು, ಒಂದು ನಗೆ

ಧಾರಾವಾಹಿಯ ಚೌಕಟ್ಟು ಎಲ್ಲರಿಗೂ ಗೊತ್ತಿರುವುದೇ. ಸೂರ್ಯಾಂಶಿಗಳೆಂಬ ಋಷಿಸಮುದಾಯ ಯೋಗಸಾಧನೆಯಿಂದ ಕುಂಡಲಿನಿಯನ್ನು ಎಬ್ಬಿಸಿ, ಪಂಚಭೂತಗಳ ಬಲವನ್ನು ಒಬ್ಬ ಮನುಷ್ಯನಲ್ಲಿ ನೆಲೆಗೊಳಿಸುತ್ತದೆ. ಅವನೇ ಶಕ್ತಿಮಾನ್. ಅವನ ಎದುರಾಳಿ ಕತ್ತಲೆಯ ಒಡೆಯನಾದ ತಮರಾಜ್ ಕಿಲ್ವಿಷ್. ಲೋಕದ ಕಣ್ಣಿಗೆ ಶಕ್ತಿಮಾನ್ ‘ಆಜ್ ಕೀ ಆವಾಜ್’ ಪತ್ರಿಕೆಯ ಛಾಯಾಗ್ರಾಹಕ ಪಂಡಿತ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ. ಎರಡೂ ಪಾತ್ರಗಳನ್ನು ವಹಿಸಿದವರು, ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ದಲ್ಲಿ ಭೀಷ್ಮನಾಗಿ ಮನೆಮಾತಾಗಿದ್ದ ಮುಕೇಶ್ ಖನ್ನಾ. ಅದೇ ಪತ್ರಿಕೆಯ ವರದಿಗಾರ್ತಿ ಗೀತಾ ವಿಶ್ವಾಸ್ ಶಕ್ತಿಮಾನ್‌ನನ್ನು ಮೆಚ್ಚುತ್ತಾಳೆ, ಪಕ್ಕದಲ್ಲೇ ಇರುವ ಗಂಗಾಧರನನ್ನು ಲೆಕ್ಕಕ್ಕಿಡುವುದಿಲ್ಲ.

ಈ ತ್ರಿಕೋನ ಸೂಪರ್‌ಮ್ಯಾನ್‌ನಿಂದ ಬಂದದ್ದೆಂದು ಹೇಳುವುದಕ್ಕೆ ವಿಮರ್ಶಕ ಬೇಕಾಗಿಲ್ಲ. ಅನುಕರಣೆ ದೋಷವೂ ಅಲ್ಲ. ನಮ್ಮ ಗದ್ಯಕಥನದ ಎಷ್ಟೋ ಪ್ರಕಾರಗಳು ಹೊರಗಿನ ಮಾದರಿಗಳ ಮೇಲೆಯೇ ಬೆಳೆದವು. ಕೇಳಬೇಕಾದ ಪ್ರಶ್ನೆ, ತಂದದ್ದನ್ನು ಏನು ಮಾಡಿದರು ಎಂಬುದು. ಸೂಪರ್‌ಮ್ಯಾನ್‌ನನ್ನು 1938ರಲ್ಲಿ ಲೋಕಕ್ಕೆ ಕೊಟ್ಟ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಬೇರೊಂದು ಲೋಕದಲ್ಲಿ ಹುಟ್ಟಿ, ಅಲ್ಲಿನ ಹೆಸರನ್ನು ಒಳಗಿಟ್ಟುಕೊಂಡು, ಕ್ಲಾರ್ಕ್ ಕೆಂಟ್ ಎಂಬ ಊರಿನ ಹೆಸರಿನಲ್ಲಿ ಬದುಕುವವನ ಕಥೆ ಅವರ ಅನುಭವಕ್ಕೆ ದೂರದ್ದಾಗಿರಲಿಲ್ಲ. ಉಂಬರ್ತೊ ಎಕೊ 1962ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಗುರುತಿಸಿದಂತೆ, ಸಾಧಾರಣ ಓದುಗ ತನ್ನನ್ನು ಕಾಣುವುದು ಹಾರುವವನಲ್ಲಿ ಅಲ್ಲ, ಕನ್ನಡಕದ ಅಂಜುಬುರುಕ ಕ್ಲಾರ್ಕ್‌ನಲ್ಲಿ. ಅಂದರೆ ಕಥೆಯ ಬಾಗಿಲು ಆ ಸಾಧಾರಣ ಮನುಷ್ಯನೇ.

ಗಂಗಾಧರ ಅಂಥ ಬಾಗಿಲಾಗುವುದಿಲ್ಲ. ಎಣ್ಣೆ ಹಚ್ಚಿ ಬಾಚಿದ ತಲೆ, ಉಬ್ಬುಹಲ್ಲು, ದಪ್ಪ ಕನ್ನಡಕ, ಉಸಿರು ಕಟ್ಟುವಷ್ಟು ಉದ್ದದ ಸಂಸ್ಕೃತ ಹೆಸರು – ಇವೆಲ್ಲ ಸೇರಿ ಅವನನ್ನು ನಗೆಯ ಸರಕನ್ನಾಗಿ ಮಾಡಿವೆ. ಈ ನಗೆ ಯಾರದು ಎಂದು ವಿಚಾರಿಸಿದರೆ ಧಾರಾವಾಹಿಯ ಮೂಲಭೂತ ಬಿರುಕು ಕಾಣುತ್ತದೆ. ಶಕ್ತಿಮಾನ್‌ನ ಬಲವೆಲ್ಲ ಯೋಗ, ಚಕ್ರ, ಋಷಿಪರಂಪರೆಗಳಿಂದ ಬಂದದ್ದು. ಆದರೆ ಅದೇ ಪರಂಪರೆಯ ಗುರುತುಗಳನ್ನು ನಿತ್ಯದ ಬದುಕಿನಲ್ಲಿ ಹೊತ್ತು ತಿರುಗುವ ಬಡ ಶಾಸ್ತ್ರಿ ಮಾತ್ರ ಹಾಸ್ಯಾಸ್ಪದ. ಪರಂಪರೆ ಆಕಾಶದಲ್ಲಿ ಹಾರುವಾಗ ಪೂಜ್ಯ, ನೆಲದ ಮೇಲೆ ನಡೆಯುವಾಗ ಗೇಲಿ. ಪ್ರಾಚೀನವನ್ನು ಹೊಗಳುತ್ತಲೇ ಹಳ್ಳಿಗಾಡಿನವನನ್ನು ಕಂಡು ಮುಸಿಮುಸಿ ನಗುವ ನಗರದ ಮಧ್ಯಮವರ್ಗದ ಕಣ್ಣು ಇದರ ಹಿಂದೆ ಇದೆ.

ರಾಯದುರ್ಗದಲ್ಲಿಯೋ ಮಡಕಶಿರಾದಲ್ಲಿಯೋ ಕುಳಿತು ನೋಡಿದ ಮಗುವಿಗೆ ಈ ಹಾಸ್ಯ ಪೂರ್ತಿ ದಕ್ಕುತ್ತಿರಲಿಲ್ಲ. ಗಂಗಾಧರ ಎಂಬುದು ನಮ್ಮಲ್ಲಿ ನಗುವ ಹೆಸರಲ್ಲ. ಗಂಗಾಧರಪ್ಪ, ಗಂಗಾಧರಯ್ಯ, ಗಂಗಾಧರ ಮೇಷ್ಟ್ರು ಎಂದು ಕೇರಿಗೊಬ್ಬರು ಸಿಗುತ್ತಾರೆ. ತಲೆಗೆ ಎಣ್ಣೆ ಹಚ್ಚಿಕೊಂಡು ಶಾಲೆಗೆ ಹೋಗುವುದು ಆ ಕಾಲದ ನಮ್ಮೆಲ್ಲರ ಪಾಡು. ಧಾರಾವಾಹಿ ಯಾರನ್ನು ಕಂಡು ನಗು ಎನ್ನುತ್ತಿತ್ತೋ ಅವನು ನಮ್ಮ ಪಕ್ಕದ ಮನೆಯವನಾಗಿದ್ದ. ಎದುರಿಗೆ ಕುಳಿತ ಮಕ್ಕಳೂ ಅವನ ಹಾಗೆಯೇ ಇದ್ದೆವು.

ವೇಷಕ್ಕೆ ಇರುವ ಋಣ

ವೇಷ ಮರೆಸಿ ಬದುಕುವ ವೀರನನ್ನು ನಮ್ಮ ಸೀಮೆ ಅರಿಯದೆ ಇರಲಿಲ್ಲ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಬದುಕುವ ಈ ಜಿಲ್ಲೆಯ ಜನರಿಗೆ, ಮಳೆ ಹೋದಾಗ ವಿರಾಟಪರ್ವ ಓದಿಸುವ ರೂಢಿ ಹೊಸದಲ್ಲ. ಕನ್ನಡ, ತೆಲುಗು ಎರಡೂ ನಾಡುಗಳಲ್ಲಿ ಆ ನಂಬಿಕೆ ಹಬ್ಬಿದೆ. ಬಯಲಾಟದಲ್ಲಿಯೂ ತೊಗಲುಗೊಂಬೆಯಲ್ಲಿಯೂ ಅಜ್ಞಾತವಾಸದ ಪ್ರಸಂಗಗಳು ಸಾಮಾನ್ಯ. ಧರ್ಮಾವರದ ಹತ್ತಿರದ ನಿಮ್ಮಲಕುಂಟದ ಗೊಂಬೆಯವರು ಇಂದಿಗೂ ಹೆಸರಾದವರು.

ಅಜ್ಞಾತವಾಸದ ತರ್ಕವನ್ನು ಶಕ್ತಿಮಾನ್‌ನ ತರ್ಕದೊಡನೆ ಹೋಲಿಸಿದರೆ ವ್ಯತ್ಯಾಸ ತಾನೇ ತೋರುತ್ತದೆ. ಬೃಹನ್ನಳೆಯನ್ನು ಕಂಡು ಉತ್ತರಕುಮಾರ ನಗುತ್ತಾನೆ, ಕಥೆ ನಗುವುದಿಲ್ಲ. ಬೃಹನ್ನಳೆ ನಿಜವಾಗಿಯೂ ನೃತ್ಯ ಕಲಿಸುತ್ತಾಳೆ, ವಲಲ ನಿಜವಾಗಿಯೂ ಅಡುಗೆ ಮಾಡುತ್ತಾನೆ. ಆ ಒಂದು ವರ್ಷದ ದುಡಿಮೆ ಸುಳ್ಳಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗುಟ್ಟು ಬಯಲಾದ ಮೇಲೆ ವಿರಾಟ ಮಗಳು ಉತ್ತರೆಯನ್ನು ಅರ್ಜುನನಿಗೆ ಕೊಡಮಾಡಿದಾಗ, ಶಿಷ್ಯೆಯಾಗಿದ್ದವಳು ಮಗಳಿಗೆ ಸಮಾನಳೆಂದು ಹೇಳಿ ಅವನು ಆಕೆಯನ್ನು ಅಭಿಮನ್ಯುವಿಗೆ ತಂದುಕೊಳ್ಳುತ್ತಾನೆ. ವೇಷದಲ್ಲಿ ಕೂಡಿಬಂದ ಸಂಬಂಧ ವೇಷ ಕಳಚಿದ ಮೇಲೂ ವೀರನನ್ನು ಕಟ್ಟಿಹಾಕುತ್ತದೆ. ಬೃಹನ್ನಳೆಯ ಋಣವನ್ನು ಅರ್ಜುನ ತೀರಿಸಬೇಕು.

ಗಂಗಾಧರನ ಋಣ ಶಕ್ತಿಮಾನ್‌ಗೆ ಇಲ್ಲ. ಗಂಗಾಧರನಾಗಿ ಪಟ್ಟ ಅವಮಾನವಾಗಲಿ, ಗಳಿಸಿದ ಸ್ನೇಹವಾಗಲಿ ಶಕ್ತಿಮಾನ್‌ನ ನಿರ್ಣಯಗಳನ್ನು ಬದಲಿಸುವುದಿಲ್ಲ. ಒಬ್ಬ ನಿಜ, ಇನ್ನೊಬ್ಬ ಮರೆ. ಒಬ್ಬ ಮಾತನಾಡಿದರೆ ಉಪದೇಶ, ಇನ್ನೊಬ್ಬ ಮಾತನಾಡಿದರೆ ತಮಾಷೆ. ಎರಡು ಭಾಷೆಗಳಲ್ಲಿ ಬದುಕುವವರಿಗೆ ಈ ವಿಭಜನೆ ಸುಳ್ಳೆಂದು ಗೊತ್ತು. ಮನೆಯ ಕನ್ನಡವೇ ನಿಜ, ಕಚೇರಿಯ ತೆಲುಗು ವೇಷ ಎಂದು ರಾಯದುರ್ಗದವರು ತಿಳಿದಿಲ್ಲ. ಅದರ ತಿರುವುಮುರುವನ್ನೂ ಒಪ್ಪುವುದಿಲ್ಲ. ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ ಹುಟ್ಟಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಾಠ ಹೇಳಿ, ಎರಡೂ ಭಾಷೆಗಳಲ್ಲಿ ಬರೆದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರನ್ನು ಒಂದು ಭಾಷೆಯ ನಿಜ, ಇನ್ನೊಂದರ ವೇಷ ಎಂದು ಒಡೆದು ನೋಡುವುದು ಸಾಧ್ಯವೆ? ಇಮ್ಮಡಿ ಬದುಕಿನ ಕಥೆಗೆ ಇಮ್ಮಡಿ ಘನತೆ ಬೇಕು. ‘ಶಕ್ತಿಮಾನ್’ ಆ ಘನತೆಯನ್ನು ಅರ್ಧ ಮನುಷ್ಯನಿಗೆ ಮಾತ್ರ ಕೊಟ್ಟಿತು.

ಕತ್ತಲೆ ಮತ್ತು ಹಲ್ಲುಜ್ಜುವುದು

ಎಕೊ ಅವರ ಪ್ರಬಂಧದ ಇನ್ನೊಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಲೋಕವನ್ನೇ ಬದಲಿಸಬಲ್ಲ ಸೂಪರ್‌ಮ್ಯಾನ್ ಬ್ಯಾಂಕ್ ದರೋಡೆಕೋರರನ್ನು ಹಿಡಿಯುವುದರಲ್ಲಿ ಕಾಲ ಕಳೆಯುತ್ತಾನೆ. ಅವನಿಗೆ ಕೆಡುಕೆಂದರೆ ಖಾಸಗಿ ಆಸ್ತಿಯ ಮೇಲಿನ ದಾಳಿ, ಒಳಿತೆಂದರೆ ದಾನಧರ್ಮ. ನಾಗರಿಕ ಪ್ರಜ್ಞೆ ಅವನಿಗೆ ಇದೆ, ರಾಜಕೀಯ ಪ್ರಜ್ಞೆ ಇಲ್ಲ ಎಂಬುದು ಎಕೊ ಅವರ ಆಕ್ಷೇಪ.

‘ಶಕ್ತಿಮಾನ್’ನಲ್ಲಿ ಈ ಬಿಕ್ಕಟ್ಟು ಇನ್ನಷ್ಟು ಹಿಗ್ಗಿದೆ. ಅದರಲ್ಲಿ ಕೆಡುಕಿಗೆ ಎರಡೇ ಅಳತೆ. ಒಂದು ಬ್ರಹ್ಮಾಂಡದಷ್ಟು ದೊಡ್ಡದು, ಕಿಲ್ವಿಷ್‌ನ ಕತ್ತಲೆ. ಇನ್ನೊಂದು ಮಗುವಿನ ಕೈಯಷ್ಟು ಚಿಕ್ಕದು: ಸುಳ್ಳು ಹೇಳುವುದು, ಕಸ ಎಸೆಯುವುದು, ಹಲ್ಲುಜ್ಜದಿರುವುದು. ಕಂತಿನ ಕೊನೆಯಲ್ಲಿ ಮಗುವೊಂದು ಶಕ್ತಿಮಾನ್‌ನ ಕ್ಷಮೆ ಕೇಳುವ ಭಾಗವನ್ನು ಆ ತಲೆಮಾರಿನವರಾರೂ ಮರೆತಿಲ್ಲ. ಇವೆರಡರ ನಡುವೆ ಮನುಷ್ಯರು ನಿಜವಾಗಿ ಬದುಕುವ ಜಾಗ – ಬರ, ಸಾಲ, ಶೇಂಗಾ ಬೆಳೆ ಕೈಕೊಟ್ಟು ಬೆಂಗಳೂರಿಗೆ ಗುಳೆ ಹೋಗುವುದು – ಧಾರಾವಾಹಿಯಲ್ಲಿ ಖಾಲಿ. ಮಕ್ಕಳ ಕಥೆಯಿಂದ ಇದನ್ನೆಲ್ಲ ಕೇಳುವುದು ಅನ್ಯಾಯವಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಉತ್ತರ ಚಿತ್ರಕಥೆಯ ಚರಿತ್ರೆಯಲ್ಲಿಯೇ ಇದೆ. 1938ರಲ್ಲಿ, ‘ಆಕ್ಷನ್ ಕಾಮಿಕ್ಸ್’ನ ಮೂರನೆಯ ಸಂಚಿಕೆಯಲ್ಲೇ, ಸೂಪರ್‌ಮ್ಯಾನ್ ಗಣಿ ಕಾರ್ಮಿಕನ ವೇಷ ತೊಟ್ಟು, ಸುರಕ್ಷತೆಯನ್ನು ಕಡೆಗಣಿಸಿದ ಗಣಿ ಮಾಲೀಕನಿಗೆ ಅವನದೇ ಗಣಿಯೊಳಗೆ ಪಾಠ ಕಲಿಸುತ್ತಾನೆ. ಅಂದಿನ ಓದುಗರೂ ಮಕ್ಕಳೇ, ಅದೂ ಹತ್ತು ಸೆಂಟಿನ ಪುಸ್ತಕವೇ. ಎಕೊ ವರ್ಣಿಸಿದ ಸೂಪರ್‌ಮ್ಯಾನ್ ಆಮೇಲೆ ಪಳಗಿಸಲ್ಪಟ್ಟವನು. ಶಕ್ತಿಮಾನ್ ಹುಟ್ಟಿನಿಂದಲೇ ಪಳಗಿದವನು. ರಾಯದುರ್ಗಕ್ಕೆ ಅಷ್ಟೇನೂ ದೂರವಲ್ಲದ ಓಬಳಾಪುರಂನಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಎರಡು ರಾಜ್ಯಗಳ ಗಡಿಗುರುತುಗಳನ್ನೇ ಅಳಿಸಿತೆಂಬ ಆರೋಪ ನ್ಯಾಯಾಲಯದವರೆಗೆ ಹೋದ ಸೀಮೆ ನಮ್ಮದು. ಇಲ್ಲಿ ನಿಂತು ನೋಡುವವನಿಗೆ, ಆ ಮೂರನೆಯ ಸಂಚಿಕೆ ಯಾವ ಕಿಲ್ವಿಷ್‌ಗಿಂತಲೂ ಹತ್ತಿರದ್ದೆನಿಸುತ್ತದೆ.

ಡಬ್ಬಿಂಗ್ ಇಲ್ಲದ ಕಾಲದ ಡಬ್ಬಿಂಗ್

ಕೊನೆಯ ಪ್ರಶ್ನೆ ಭಾಷೆಯದು. 1960ರ ದಶಕದಿಂದ ಕರ್ನಾಟಕದಲ್ಲಿ ಡಬ್ಬಿಂಗ್‌ಗೆ ವಿರೋಧವಿತ್ತು. ಎಳೆಯ ಕನ್ನಡ ಚಿತ್ರರಂಗವನ್ನು ಉಳಿಸಿಕೊಳ್ಳುವ ಆ ಕಾಳಜಿಗೆ ತನ್ನದೇ ಆದ ನ್ಯಾಯವಿತ್ತು. ಆದರೆ ಅದು ಕಿರುತೆರೆಗೂ ಹಬ್ಬಿ, 2012ರಲ್ಲಿ ‘ಸತ್ಯಮೇವ ಜಯತೆ’ಯಂಥ ಕಾರ್ಯಕ್ರಮವೂ ಕನ್ನಡ ದನಿಯಲ್ಲಿ ಬರಲಾಗಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ನಿರ್ಬಂಧದ ವಿರುದ್ಧ ಆದೇಶ ನೀಡಿದ ಮೇಲಷ್ಟೆ ಸ್ಥಿತಿ ಬದಲಾಗತೊಡಗಿತು. ಬೆಂಗಳೂರಿನಲ್ಲಿ ತಳೆದ ಈ ನಿಲುವಿಗೆ ಗಡಿಯಾಚೆಯ ಕನ್ನಡಿಗರೂ ಬೆಲೆ ತೆತ್ತರು ಎಂಬುದು ಆ ಚರ್ಚೆಗಳಲ್ಲಿ ಎಂದೂ ಬಂದದ್ದನ್ನು ನಾನು ಕಂಡಿಲ್ಲ. ಬೆಂಗಳೂರಿನ ಮಗುವಿಗೆ ಹೊರಗಿನ ವೀರ ಕನ್ನಡದಲ್ಲಿ ಸಿಗದಿದ್ದರೆ, ಸುತ್ತಲಿನ ಕನ್ನಡದ ಬೇರೆ ಸರಕು ಸಿಗುತ್ತಿತ್ತು. ಮಡಕಶಿರಾದ ಮಗುವಿಗೆ ಆ ತೆರವನ್ನು ತುಂಬಿದ್ದು ತೆಲುಗು. ಅದರಲ್ಲಿ ತಪ್ಪೇನೂ ಇಲ್ಲ. ತೆಲುಗು ಅನ್ಯರ ಭಾಷೆಯಲ್ಲ, ನೆರೆಮನೆಯ ಭಾಷೆ. ನಷ್ಟ ಬೇರೆಯದು. ಕನ್ನಡ ಪಠ್ಯಪುಸ್ತಕದ, ಪರೀಕ್ಷೆಯ ಭಾಷೆಯಾಗಿ ಉಳಿದು, ಆಟದ ಮತ್ತು ಬೆರಗಿನ ಭಾಷೆ ಬೇರೆಯಾಯಿತು. ಅಲ್ಪಸಂಖ್ಯಾತರ ಭಾಷೆ ಸೊರಗುವುದು ಶಾಲೆ ಮುಚ್ಚಿದಾಗ ಮಾತ್ರವಲ್ಲ. ಮಕ್ಕಳು ಅದರಲ್ಲಿ ಪಾಠ ಓದಿ ಬೇರೆಯದರಲ್ಲಿ ಕನಸು ಕಾಣತೊಡಗಿದಾಗಲೇ ಅದು ಸೊರಗತೊಡಗುತ್ತದೆ.

ಇಷ್ಟು ಹೇಳಿದ ಮೇಲೆ ಧಾರಾವಾಹಿಗೂ ಅದರ ನೋಡುಗರಿಗೂ ಸಲ್ಲಬೇಕಾದ ಒಂದು ನ್ಯಾಯ ಉಳಿದಿದೆ. ಹಿಂದಿ ಅರೆಬರೆ ತಿಳಿಯುತ್ತಿದ್ದ ನಾವು ಉಪದೇಶವನ್ನು ಬಿಟ್ಟು ಚಿತ್ರವನ್ನು ಮಾತ್ರ ಉಳಿಸಿಕೊಂಡೆವು. ಒಂದು ಕೈ ಮೇಲೆತ್ತಿ ಬುಗುರಿಯಂತೆ ಗಿರ್ರನೆ ತಿರುಗುವ ಆ ಭಂಗಿಗೆ ಭಾಷೆ ಬೇಕಾಗಿರಲಿಲ್ಲ. ಅದನ್ನು ಬೀದಿಗೆ ತಂದು, ಕನ್ನಡ–ತೆಲುಗು ಬೆರೆತ ನಮ್ಮ ಮಾತನ್ನು ಅದಕ್ಕೆ ಜೋಡಿಸಿ ಆಡಿದೆವು. ಚಿತ್ರಕಥೆಯ ಎರಡು ಚೌಕಗಳ ನಡುವಿನ ಖಾಲಿ ಜಾಗವನ್ನು ಓದುಗನೇ ತುಂಬುತ್ತಾನೆ ಎಂಬುದು ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ವಿವರಿಸಿದ ತತ್ವ. ಎಡೆಬಿಡದೆ ಮಾತನಾಡುವ ಧಾರಾವಾಹಿಯಲ್ಲಿ ಅಂಥ ಖಾಲಿ ಜಾಗ ಇರಲಿಲ್ಲ. ಭಾಷೆ ಅರ್ಥವಾಗದೆ ಹೋದದ್ದರಿಂದ ನಮಗೆ ಅದು ಒದಗಿತು. ಧಾರಾವಾಹಿಯನ್ನು ಮಕ್ಕಳು ತಿರುಗಿ ಚಿತ್ರಕಥೆಯನ್ನಾಗಿ ಮಾಡಿಕೊಂಡರು ಎನ್ನಬಹುದು. ಈ ಸ್ವಾತಂತ್ರ್ಯವನ್ನು ವೈಭವೀಕರಿಸುವುದೂ ಬೇಡ. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯಕ್ಕೆ ಸಿಲುಕಿದರೆಂಬ ಸುದ್ದಿಗಳು ಆಗ ಪತ್ರಿಕೆಗಳಲ್ಲಿ ಬಂದಿದ್ದವು. ಮುಕೇಶ್ ಖನ್ನಾ ತೆರೆಯ ಮೇಲೆಯೇ ಮಕ್ಕಳನ್ನು ಎಚ್ಚರಿಸಬೇಕಾಯಿತು. ಎಚ್ಚರಿಕೆಯ ಮಾತು ಮಗುವಿನ ಭಾಷೆಯಲ್ಲಿ ಇರಬೇಕಾದದ್ದು ಎಷ್ಟು ಅಗತ್ಯ ಎಂಬುದಕ್ಕೂ ಅದು ನಿದರ್ಶನ.

2022ರ ಫೆಬ್ರವರಿಯಲ್ಲಿ ಸೋನಿ ಪಿಕ್ಚರ್ಸ್ ಸಂಸ್ಥೆ ಶಕ್ತಿಮಾನ್‌ನನ್ನು ಬೆಳ್ಳಿತೆರೆಗೆ ತರುವ ಯೋಜನೆಯನ್ನು ಪ್ರಕಟಿಸಿತು. ಅದು ಎಂದಾದರೂ ಬಂದರೆ ಈ ಸಲ ಕನ್ನಡದಲ್ಲಿಯೂ ಬರುವುದಕ್ಕೆ ಅಡ್ಡಿಯಿಲ್ಲ, ಬರಬೇಕು ಕೂಡ. ಆದರೆ ವೀರನ ತುಟಿಗೆ ಕನ್ನಡ ಕೂಡಿಸಿದ ಮಾತ್ರಕ್ಕೆ ಅವನು ನಮ್ಮವನಾಗುವುದಿಲ್ಲ. ಅನುವಾದಕರೂ ವಿಮರ್ಶಕರೂ ಮೊದಲು ನೋಡಬೇಕಾದದ್ದು ಹಾರುವವನನ್ನಲ್ಲ, ಕ್ಯಾಮೆರಾ ಹೆಗಲಿಗೇರಿಸಿ ಬೀದಿಯಲ್ಲಿ ನಡೆಯುವವನನ್ನು. ಗಂಗಾಧರ ಯಾವ ಕನ್ನಡ ಆಡುತ್ತಾನೆ? ಹಾಸ್ಯಕ್ಕೆಂದು ಅವನ ಬಾಯಿಗೆ ಯಾವ ಸೀಮೆಯ ಮಾತನ್ನು ತುರುಕುತ್ತಾರೆ? ಬಳ್ಳಾರಿಯದೆ, ರಾಯದುರ್ಗದ್ದೆ, ಮಡಕಶಿರಾದ್ದೆ? ಆ ಮಾತು ಕೇಳಿ ಸಭೆ ನಗುವುದಾದರೆ, ಅನುವಾದವಾಗಿದ್ದೂ ಹಳೆಯ ಧಾರಾವಾಹಿಯೇ ಮುಂದುವರಿದಂತೆ. ಆ ಮಾತನ್ನು ಕೇಳಿದ ಮಗು, ಇವನು ನಮ್ಮ ಗಂಗಾಧರಪ್ಪನ ಹಾಗೇ ಮಾತಾಡ್ತಾನೆ ಎಂದು ಕಣ್ಣರಳಿಸಿದರೆ, ಶಕ್ತಿಮಾನ್ ಅಷ್ಟರಮಟ್ಟಿಗೆ ಕನ್ನಡಕ್ಕೆ ಬಂದ ಎನ್ನಬಹುದು.